ಬಿಟ್ಟಿ ಜಾಗದಲ್ಲಿ ಕಟ್ಟಿದ ಅಭಿಮಾನದ ಮನೆ: ಉಚಿತ ಹೋಸ್ಟಿಂಗ್‌ನ ತೊಂದರೆಗಳೇನು, ವೆಬ್‌ಸೈಟ್ ಸ್ಥಳಾಂತರ ಹೇಗೆ?

ನೆಚ್ಚಿನ ನಟ, ಗಾಯಕಿ, ಕ್ರಿಕೆಟ್ ತಂಡ, ವಿಡಿಯೊ ಗೇಮ್... ಹೀಗೆ ಯಾವುದೋ ಒಂದರ ಮೇಲಿನ ಪ್ರೀತಿಯಿಂದ ಅಭಿಮಾನಿಗಳೇ ಕೂತು ಕಟ್ಟೋ ವೆಬ್‌ಸೈಟ್‌ಗಳಿವೆ. ಸಂಬಳ ಇಲ್ಲ, ಲಾಭ ಇಲ್ಲ. ಚಿತ್ರಗಳ ಪಟ್ಟಿ, ಹಳೆಯ ಸಂದರ್ಶನಗಳು, ಅಪರೂಪದ ಫೋಟೊಗಳು, ಎಲ್ಲವನ್ನೂ ವರ್ಷಗಟ್ಟಲೆ ಕೂಡಿಹಾಕಿರ್ತಾರೆ. ಕೈಯಿಂದ ದುಡ್ಡು ಹಾಕೋದು ಕಷ್ಟ ಅಂತ ಇವುಗಳಲ್ಲಿ ಬಹುಪಾಲು ಶುರುವಾಗೋದು ಉಚಿತ ಹೋಸ್ಟಿಂಗ್‌ನಲ್ಲೇ. ಒಂದು ದಿನ ಆ ಸೇವೆ ನಿಂತುಹೋದ್ರೆ? ಅಲ್ಲಿದ್ದ ಸಂಗ್ರಹ ಎಲ್ಲಿಗೆ ಹೋಗುತ್ತೆ? ಇವತ್ತಿನ ಸಂಚಿಕೆಯಲ್ಲಿ ಇದನ್ನೇ ಬಿಡಿಸಿ ನೋಡೋಣ.

ಜಿಯೋಸಿಟೀಸ್ ಕಲಿಸಿದ ಪಾಠ

ಈ ಮಾತು ಬಂದಾಗ ಮೊದಲು ನೆನಪಾಗೋ ಹೆಸರು ಜಿಯೋಸಿಟೀಸ್. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಸೇವೆ ಇದು. ಯಾರು ಬೇಕಾದರೂ ಪುಕ್ಕಟೆಯಾಗಿ ಪುಟ ಕಟ್ಟಬಹುದಿತ್ತು. ಪುಟಗಳನ್ನು ಊರಿನ ಬಡಾವಣೆಗಳ ಹಾಗೆ ವಿಂಗಡಿಸಿದ್ದರು. ಸಿನಿಮಾ ಅಭಿಮಾನಿಗಳಿಗೆ ‘ಹಾಲಿವುಡ್’, ರಾಕ್ ಸಂಗೀತದವರಿಗೆ ‘ಸನ್‌ಸೆಟ್‌ಸ್ಟ್ರಿಪ್’, ವೈಜ್ಞಾನಿಕ ಕಥೆಗಳನ್ನು ಮೆಚ್ಚುವವರಿಗೆ ‘ಏರಿಯಾ 51’.

1999ರಲ್ಲಿ ಯಾಹೂ ಇದನ್ನು ಸುಮಾರು 357 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಖರೀದಿ ಮಾಡಿತು. ಅದೇ ವರ್ಷ ಬಳಕೆಯ ನಿಯಮಗಳನ್ನೂ ಬದಲಾಯಿಸಿತು. ಬಳಕೆದಾರರು ಹಾಕಿದ ಬರಹ, ಚಿತ್ರಗಳ ಮೇಲೆ ಕಂಪನಿಗೆ ವಿಪರೀತ ಹಕ್ಕು ಕೊಡುವ ಸಾಲುಗಳು ಅದರಲ್ಲಿದ್ದವು. ಜನ ಸಿಟ್ಟಾಗಿ ಪುಟಗಳನ್ನು ಖಾಲಿ ಮಾಡೋಕೆ ಶುರುಮಾಡಿದ ಮೇಲೆ ಯಾಹೂ ಹಿಂದೆ ಸರಿಯಿತು. ಹತ್ತು ವರ್ಷ ಕಳೆದ ಮೇಲೆ, 2009ರ ಅಕ್ಟೋಬರ್ 26ರಂದು, ಜಿಯೋಸಿಟೀಸನ್ನೇ ಮುಚ್ಚಿಬಿಟ್ಟಿತು. ಜಪಾನಿನ ಜಿಯೋಸಿಟೀಸ್ ಮಾತ್ರ 2019ರ ಮಾರ್ಚ್‌ವರೆಗೆ ಉಳಿದುಕೊಂಡಿತ್ತು.

ಮುಚ್ಚುವ ಸುದ್ದಿ ಏಪ್ರಿಲ್‌ನಲ್ಲೇ ಹೊರಬಿದ್ದಿತ್ತು, ಹಾಗಾಗಿ ಆರು ತಿಂಗಳ ಸಮಯ ಇತ್ತು. ಆದರೆ ಪುಟ ಕಟ್ಟಿದ ಎಷ್ಟೋ ಜನ ಹಳೆಯ ಇಮೇಲ್ ನೋಡೋದನ್ನೇ ಬಿಟ್ಟಿದ್ದರು. ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ಗುಂಪು ಸಿಕ್ಕಷ್ಟನ್ನು ನಕಲು ಮಾಡಿಕೊಂಡು, 2010ರಲ್ಲಿ ಸುಮಾರು 640 ಗಿಗಾಬೈಟ್‌ನ ಟೊರೆಂಟ್ ಆಗಿ ಎಲ್ಲರಿಗೂ ಸಿಗೋ ಹಾಗೆ ಮಾಡಿತು.

ಉಚಿತ ಅಂದ್ರೆ ಖರ್ಚು ಯಾರದು?

ಸರ್ವರ್‌ಗೆ ಕರೆಂಟ್ ಬೇಕು, ಡಿಸ್ಕ್ ಬೇಕು, ನೋಡಿಕೊಳ್ಳೋರು ಬೇಕು. ಆ ದುಡ್ಡು ಜಾಹೀರಾತಿನಿಂದಲೋ, ಮುಂದೊಂದು ದಿನ ನೀವು ದುಡ್ಡು ಕೊಡ್ತೀರಿ ಅನ್ನೋ ನಿರೀಕ್ಷೆಯಿಂದಲೋ ಬರಬೇಕು. ಉಚಿತ ಹೋಸ್ಟಿಂಗ್‌ನ ತೊಂದರೆಗಳೆಲ್ಲ ಹುಟ್ಟೋದು ಇಲ್ಲೇ.

ಮೊದಲನೆಯದು ಮಿತಿ. ಇಷ್ಟೇ ಜಾಗ, ತಿಂಗಳಿಗೆ ಇಷ್ಟೇ ಡೇಟಾ ಅಂತ ಇರುತ್ತೆ. ನಟನ ಹುಟ್ಟುಹಬ್ಬಕ್ಕೋ ಹೊಸ ಚಿತ್ರದ ಬಿಡುಗಡೆಗೋ ಜನ ಮುಗಿಬಿದ್ದಾಗಲೇ ಮಿತಿ ಮುಗಿದು ಪುಟ ತೆರೆಯೋದೇ ಇಲ್ಲ. ಅಂದ್ರೆ ಸೈಟ್ ಹೆಚ್ಚು ಬೇಕಾದ ದಿನವೇ ಅದು ಇರಲ್ಲ. ಎರಡನೆಯದು ಜಾಹೀರಾತು. ಯಾವ ಜಾಹೀರಾತು ಎಲ್ಲಿ ಬರಬೇಕು ಅನ್ನೋದು ನಿಮ್ಮ ಕೈಯಲ್ಲಿರಲ್ಲ. ಮೂರನೆಯದು, ಕೆಲವು ತಿಂಗಳು ಲಾಗಿನ್ ಆಗದಿದ್ರೆ ಖಾತೆಯನ್ನೇ ಅಳಿಸಿಹಾಕೋ ನಿಯಮ ಕೆಲವು ಕಡೆ ಇದೆ.

ನಾಲ್ಕನೆಯದು ಭದ್ರತೆ. 000ವೆಬ್‌ಹೋಸ್ಟ್ ಅನ್ನೋ ಜನಪ್ರಿಯ ಉಚಿತ ಸೇವೆಯಿಂದ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಖಾತೆಗಳ ಮಾಹಿತಿ ಸೋರಿಹೋಗಿದ್ದು 2015ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಪಾಸ್‌ವರ್ಡ್‌ಗಳನ್ನು ಗೂಢಲಿಪಿಗೆ ಬದಲಾಯಿಸದೆ, ಇದ್ದ ಹಾಗೇ ಇಟ್ಟಿದ್ದರು.

ಐದನೆಯದೇ ಎಲ್ಲಕ್ಕಿಂತ ದೊಡ್ಡದು: ವಿಳಾಸ. ಉಚಿತ ಸೇವೆಯಲ್ಲಿ ನಿಮ್ಮ ಸೈಟ್‌ನ ಹೆಸರಿನ ಬಾಲದಲ್ಲಿ ಆ ಕಂಪನಿಯ ಹೆಸರು ಇರುತ್ತೆ. ಕಂಪನಿ ಹೋದರೆ ವಿಳಾಸವೂ ಹೋಗುತ್ತೆ. ಬೇರೆಯವರು ಕೊಟ್ಟ ಲಿಂಕ್‌ಗಳು, ಗೂಗಲ್‌ನಲ್ಲಿ ಸಿಕ್ಕಿದ್ದ ಸ್ಥಾನ, ಎಲ್ಲ ಸೊನ್ನೆ. ಹಾಗಾದ್ರೆ ಉಚಿತ ಡೊಮೇನ್ ತಗೊಂಡ್ರೆ? ಡಾಟ್ ಟಿಕೆ ಹೆಸರುಗಳನ್ನು ಪುಕ್ಕಟೆ ಹಂಚುತ್ತಿದ್ದ ಫ್ರೀನಾಮ್ ಕಂಪನಿಯ ಮೇಲೆ ಮೆಟಾ ಮೊಕದ್ದಮೆ ಹೂಡಿತು. 2023ರಲ್ಲಿ ಹೊಸ ನೋಂದಣಿ ನಿಂತಿತು. 2024ರ ಫೆಬ್ರುವರಿಯಲ್ಲಿ ಕಂಪನಿ ಆ ವ್ಯವಹಾರದಿಂದಲೇ ಹೊರಬಿತ್ತು.

ಹೊರಟರೂ ಹಳೆ ಮನೆ ಬಿಡಲ್ಲ

ಈ ಕಾಲದ ಜಿಯೋಸಿಟೀಸ್ ಅಂದ್ರೆ ಫ್ಯಾಂಡಮ್. ವಿಕಿಪೀಡಿಯಾದ ಜಿಮ್ಮಿ ವೇಲ್ಸ್ ಮತ್ತು ಏಂಜೆಲಾ ಬೀಸ್ಲಿ 2004ರಲ್ಲಿ ಆರಂಭಿಸಿದ ಈ ಸೇವೆ ಮುಂದೆ ವಿಕಿಯಾ ಆಗಿ, 2016ರಲ್ಲಿ ಫ್ಯಾಂಡಮ್ ಆಯಿತು. ಅಭಿಮಾನಿಗಳ ವಿಕಿಗಳಿಗೆ ಇಲ್ಲಿ ಉಚಿತ ಜಾಗ ಸಿಗುತ್ತೆ, ಖರ್ಚು ಜಾಹೀರಾತಿನಿಂದ ಹುಟ್ಟುತ್ತೆ. ಜಾಹೀರಾತು ಅತಿಯಾಯಿತು, ಪುಟದ ವಿನ್ಯಾಸದಲ್ಲಿ ನಮಗೆ ಸ್ವಾತಂತ್ರ್ಯವಿಲ್ಲ ಅಂತ ಮೈನ್‌ಕ್ರಾಫ್ಟ್ ಗೇಮ್‌ನ ವಿಕಿ ನಡೆಸೋರು 2023ರ ಸೆಪ್ಟೆಂಬರ್‌ನಲ್ಲಿ ತಮ್ಮದೇ ವಿಳಾಸಕ್ಕೆ ಹೊರಟರು. ಅದಕ್ಕೂ ಒಂದು ವರ್ಷ ಮೊದಲು ಝೆಲ್ಡಾ ಗೇಮ್‌ನ ವಿಕಿಯೂ ಹಾಗೇ ಹೊರಬಂದಿತ್ತು.

ಬರಹಗಳನ್ನು ಒಯ್ಯೋಕೆ ಅಡ್ಡಿಯಿರಲಿಲ್ಲ. ಅವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದ್ದವು, ಮೂಲದ ಹೆಸರು ಹೇಳಿ ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ಅದೇ ಪರವಾನಗಿ ಫ್ಯಾಂಡಮ್‌ಗೂ ಅನ್ವಯ ಆಗುತ್ತೆ ಅಲ್ವಾ? ಹಾಗಾಗಿ ಹಳೆಯ ವಿಕಿ ಅಲ್ಲೇ ಉಳಿಯಿತು. ಹುಡುಕಿದವರಿಗೆ ಆಗ ಮೊದಲು ಕಾಣ್ತಿದ್ದದ್ದು ಎಷ್ಟೋ ಸಲ ಆ ಹಳೆಯದೇ. ಸ್ವತಂತ್ರ ವಿಕಿಗೆ ದಾರಿ ತೋರಿಸೋಕೆ ‘ಇಂಡಿ ವಿಕಿ ಬಡ್ಡಿ’ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್ ಬೇಕಾಯಿತು ಅಂದ್ರೆ ಸಮಸ್ಯೆ ಎಷ್ಟಿದೆ ನೋಡಿ. ಸೈಟನ್ನು ಒಂದು ದಿನದಲ್ಲಿ ಎತ್ತಿಕೊಂಡು ಹೋಗಬಹುದು, ಓದುಗರು ಹಿಂದೆ ಬರೋಕೆ ವರ್ಷಗಳು ಬೇಕು.

ಸ್ಥಳಾಂತರ: ಯಾವುದು ಮೊದಲು?

ಮೊದಲ ಕೆಲಸ ಡೊಮೇನ್. ಡಾಟ್ ಕಾಮ್ ಅಥವಾ ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಸ್ವಂತ ಹೆಸರಿದ್ದರೆ ಮುಂದೆ ಹೋಸ್ಟಿಂಗ್ ಎಷ್ಟು ಸಲ ಬದಲಾದರೂ ಓದುಗರಿಗೆ ಗೊತ್ತೇ ಆಗಲ್ಲ. ಒಂದು ಎಚ್ಚರಿಕೆ: ಅಭಿಮಾನಿಗಳ ಗುಂಪಿನಲ್ಲಿ ಡೊಮೇನ್ ಸಾಮಾನ್ಯವಾಗಿ ಒಬ್ಬರ ಇಮೇಲ್‌ನಲ್ಲಿರುತ್ತೆ. ಅವರು ಜಗಳವಾಡಿ ಹೋದರೂ, ಕೆಲಸದ ಗಡಿಬಿಡಿಯಲ್ಲಿ ನವೀಕರಣ ಮರೆತರೂ ಎಲ್ಲರ ಶ್ರಮ ಮುಳುಗುತ್ತೆ. ಕನಿಷ್ಠ ಇಬ್ಬರ ಕೈಯಲ್ಲಿ ಕೀಲಿ ಇರಲಿ.

ಎರಡನೆಯದು ನಕಲು. ಎಫ್‌ಟಿಪಿ ಸೌಲಭ್ಯ ಇದ್ದರೆ ಫೈಲ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಇಲ್ಲದಿದ್ದರೆ ಎಚ್‌ಟಿಟ್ರ್ಯಾಕ್‌ನಂಥ ಉಚಿತ ತಂತ್ರಾಂಶ ಇಡೀ ಸೈಟನ್ನು ನಿಮ್ಮ ಕಂಪ್ಯೂಟರಿಗೆ ತಂದುಕೊಡುತ್ತೆ. ಡೇಟಾಬೇಸ್ ಇದ್ದರೆ ಅದನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಬೇಕು, ಎಚ್‌ಟಿಟ್ರ್ಯಾಕ್ ಅದನ್ನು ತರಲ್ಲ. ಜೊತೆಗೆ ಮುಖ್ಯ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲೂ ಉಳಿಸಿಡಿ.

ಮೂರನೆಯದು ಹೊಸ ಜಾಗ. ಸೈಟ್ ಬರೀ ಬರಹ, ಚಿತ್ರಗಳದ್ದಾಗಿದ್ದರೆ ಗಿಟ್‌ಹಬ್ ಪೇಜಸ್, ನಿಯೋಸಿಟೀಸ್‌ನಂಥ ಕಡೆ ಈಗಲೂ ಉಚಿತವಾಗಿ ಇಡಬಹುದು. ‘ಮತ್ತೆ ಉಚಿತಾನಾ?’ ಅಂತ ಕೇಳಬಹುದು. ಉಚಿತ ಅನ್ನೋದೇ ತಪ್ಪಲ್ಲ. ವಿಳಾಸ ನಿಮ್ಮದಾಗಿದ್ದು, ಪೂರ್ತಿ ನಕಲು ನಿಮ್ಮ ಮನೆಯಲ್ಲಿದ್ದರೆ ಯಾವ ಕಂಪನಿ ಬಾಗಿಲು ಹಾಕಿದರೂ ಭಯವಿಲ್ಲ. ಹೊಸ ಕಡೆ ಸ್ವಂತ ಡೊಮೇನ್ ಜೋಡಿಸೋಕೆ ದುಡ್ಡು ಕೇಳ್ತಾರಾ ಅನ್ನೋದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ನಾಲ್ಕನೆಯದು ಪರೀಕ್ಷೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ಲಿನಕ್ಸ್ ಸರ್ವರ್‌ನಲ್ಲಿ ಅವು ಬೇರೆ ಬೇರೆ. ಸ್ಥಳಾಂತರದ ನಂತರ ಫೋಟೊಗಳು ಕಾಣಿಸದೇ ಇರೋದಕ್ಕೆ ಎಷ್ಟೋ ಸಲ ಇದೇ ಕಾರಣ. ಪುಟಗಳ ಒಳಗಿನ ಲಿಂಕ್‌ಗಳು ಹಳೆಯ ವಿಳಾಸವನ್ನೇ ತೋರಿಸ್ತಿರಬಹುದು, ಅವನ್ನೂ ತಿದ್ದಬೇಕು.

ಕನ್ನಡದ ಸೈಟ್ ಆಗಿದ್ದರೆ

ಹಳೆಯ ಕನ್ನಡ ಪುಟಗಳಿಗೆ ಇನ್ನೊಂದು ಕೆಲಸ ಹೆಚ್ಚು. ಯೂನಿಕೋಡ್ ರೂಢಿಗೆ ಬರೋ ಮೊದಲು ಬರಹ, ನುಡಿಯಂಥ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬರೆದ ಪುಟಗಳ ಒಳಗಿರೋದು ಕನ್ನಡದ ಸಂಕೇತಗಳಲ್ಲ. ಆ ಫಾಂಟ್ ಇಲ್ಲದ ಫೋನ್‌ನಲ್ಲಿ ತೆರೆದರೆ ಕಾಣೋದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗಲ್ಲ. ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವತ್ತು, ಒತ್ತಕ್ಷರಗಳು ಕೆಟ್ಟಿವೆಯಾ ಅಂತ ಕಣ್ಣಿಟ್ಟು ಓದಿ. ಡೇಟಾಬೇಸ್ ತರುವಾಗ ಯುಟಿಎಫ್-8 ಆಯ್ಕೆ ಮಾಡದಿದ್ರೆ ಸರಿಯಿದ್ದ ಕನ್ನಡವೂ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು.

ಕೊನೆಯದಾಗಿ, ಹಳೆಯ ಸೈಟನ್ನು ತಕ್ಷಣ ಅಳಿಸಬೇಡಿ. ಹೊಸ ವಿಳಾಸಕ್ಕೆ ತಾನಾಗೇ ಕಳಿಸೋ ರೀಡೈರೆಕ್ಟ್ ಸೌಲಭ್ಯ ಇದ್ದರೆ ಬಳಸಿ. ಉಚಿತ ಸೇವೆಗಳಲ್ಲಿ ಅದು ಸಿಗೋದು ಅಪರೂಪ. ಸಿಗದಿದ್ದರೆ ಪ್ರತಿ ಪುಟದ ತಲೆಯ ಮೇಲೆ ‘ನಾವು ಇಲ್ಲಿಗೆ ಬಂದಿದ್ದೇವೆ’ ಅಂತ ಲಿಂಕ್ ಹಾಕಿ, ಕೆಲವು ತಿಂಗಳಾದರೂ ಹಾಗೇ ಬಿಡಿ.

ನೀವೂ ಇಂಥ ಸೈಟ್ ನಡೆಸ್ತಿದ್ರೆ ಡೊಮೇನ್ ನಾಳೆ ತಗೊಳ್ಳಬಹುದು, ಹೋಸ್ಟಿಂಗ್ ಮುಂದಿನ ತಿಂಗಳು ಬದಲಾಯಿಸಬಹುದು. ನಕಲು ಮಾತ್ರ ಇವತ್ತೇ ಇಳಿಸಿಕೊಳ್ಳಿ.