ಕಹಿಯಲ್ಲೇ ಉಂಟು ಗುಣ! – ಪುತ್ತೂರಿನ ಕೊಕ್ಕೊ, ಪೇಟೆಯ ಕಪ್ಪು ಚಾಕಲೇಟು

ಚಾಕಲೇಟು ಎಂದರೆ ಮಕ್ಕಳ ಬಾಯಿಗೆ ಸಿಹಿ, ಹಲ್ಲಿನ ಡಾಕ್ಟರಿಗೆ ಸಂಪಾದನೆ ಎಂದು ನಗಾಡುತ್ತಿದ್ದ ಕಾಲ ಹೋಯಿತು. ಈಗ ಅರುವತ್ತು ದಾಟಿದ ಯಜಮಾನರೂ ಅಂಗಡಿ ಮುಂದೆ ನಿಂತು, "ಆ ಕಪ್ಪು ಚಾಕಲೇಟು ಉಂಟಾ ಮಾರಾಯ್ರೇ? ಹಾರ್ಟಿಗೆ ಒಳ್ಳೆಯದಂತೆ" ಎಂದು ಕೇಳುತ್ತಾರೆ. ಅಂಗಡಿಯವರು ಕಪ್ಪು ಕಾಗದದ್ದೊಂದನ್ನು ತೆಗೆದು ಕೊಡುತ್ತಾರೆ. ಒಳಗೆ ಇರುವುದು ಕೊಕ್ಕೊವೋ, ಬರೀ ಸಕ್ಕರೆಯೋ? ಕೊಟ್ಟವರೂ ನೋಡುವುದಿಲ್ಲ, ಕೊಂಡವರೂ ನೋಡುವುದಿಲ್ಲ!

ಬೇರೆ ಊರಿನವರು ನೋಡದಿದ್ದರೆ ಹೋಗಲಿ ಬಿಡಿ. ಆದರೆ ಪುತ್ತೂರು, ಸುಳ್ಯ, ಬಂಟ್ವಾಳ, ಬೆಳ್ತಂಗಡಿಯ ಜನ ನೋಡದಿದ್ದರೆ ಹೇಗೆ? ಚಾಕಲೇಟಿನ ಗಿಡ ಇಲ್ಲಿಯ ಅಡಿಕೆ ತೋಟದ ನೆರಳಿನಲ್ಲೇ ಬೆಳೆಯುತ್ತದೆ. ಚಾಕಲೇಟು ಮಾಡುವ ಫ್ಯಾಕ್ಟರಿ ಪುತ್ತೂರು ಪೇಟೆಗೆ ಹತ್ತಿರದ ಕೆಮ್ಮಿಂಜೆಯಲ್ಲೇ ಉಂಟು. ತೋಟದ ಯಜಮಾನರೇ ಬೀಜ ಮಾರಿ ಬರುವಾಗ ಮೊಮ್ಮಕ್ಕಳಿಗೆ ಸಕ್ಕರೆ ಗಟ್ಟಿ ತರುವುದೆಂದರೆ ಸ್ವಲ್ಪ ಯೋಚಿಸಬೇಕಾದ ಸಂಗತಿ.

ತೋಟದವರು ಪಟ್ಟ ಪಾಡು

ಕೊಕ್ಕೊ ಇಲ್ಲಿಯ ಗಿಡವಲ್ಲ. ಅದರ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಮೆಕ್ಸಿಕೋ ಕಡೆಯ ಮಾಯಾ ಮತ್ತು ಆಜ್ಟೆಕ್ ಜನ ಅದರ ಬೀಜ ಅರೆದು, ಕೆಲವೊಮ್ಮೆ ಮೆಣಸಿನಕಾಯಿಯನ್ನೂ ಸೇರಿಸಿ ಕುಡಿಯುತ್ತಿದ್ದರು. ಬೀಜವೇ ಅವರಿಗೆ ಚಿಲ್ಲರೆ ನಾಣ್ಯವೂ ಆಗಿತ್ತು. ಸ್ವೀಡನ್ನಿನ ಸಸ್ಯಶಾಸ್ತ್ರಿ ಲಿನೇಯಸ್ 1753ರಲ್ಲಿ ಗಿಡಕ್ಕೆ ಇಟ್ಟ ಹೆಸರಿನ ಅರ್ಥ 'ದೇವರ ಆಹಾರ'.

ದೇವರ ಆಹಾರ ದಕ್ಷಿಣ ಕನ್ನಡ, ಕಾಸರಗೋಡಿನ ತೋಟಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1970ರ ದಶಕದಲ್ಲಿ. ಅಡಿಕೆ ಮರಗಳ ನಡುವೆ ಜಾಗ ಖಾಲಿ, ನೆರಳು ಬೇಕಾದಷ್ಟು, ನೀರು ಹೇಗೂ ಬಿಡಲೇಬೇಕು. ಕೊಕ್ಕೊ ಹಾಕಿದರೆ ಎರಡನೇ ಆದಾಯ, ಉದುರಿದ ಎಲೆ ತೋಟಕ್ಕೇ ಗೊಬ್ಬರ. ಜನ ಉಮೇದಿನಿಂದ ಹಾಕಿದರು. ಆದರೆ ಕೊಳ್ಳುವವರು ಬೆರಳೆಣಿಕೆಯಷ್ಟು. 1980ರ ಹೊತ್ತಿಗೆ ರೇಟು ಬಿತ್ತು, ಖಾಸಗಿಯವರು ಖರೀದಿಯಿಂದ ಹಿಂದೆ ಸರಿದರು. ಹಸಿ ಬೀಜವನ್ನು ಅಡಿಕೆಯ ಹಾಗೆ ಅಟ್ಟದಲ್ಲಿ ಇಟ್ಟು ಕಾಯಲಿಕ್ಕೆ ಆಗುವುದಿಲ್ಲ. ಒಡೆದ ಕಾಯಿಯ ಬೀಜ ಬೇಗ ವಿಲೇವಾರಿ ಆಗಬೇಕು, ಇಲ್ಲವಾದರೆ ಕೊಳೆತು ನಾರುತ್ತದೆ. ಅನೇಕರು ಗಿಡವನ್ನೇ ಕಡಿದು ಹಾಕಿದರು.

ಆಗ ಕೈಹಿಡಿದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕಾಧ್ಯಕ್ಷರಾಗಿ 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಈ ಸಹಕಾರಿ ಸಂಸ್ಥೆ ಅಡಿಕೆಗೆಂದು ಹುಟ್ಟಿದ್ದು. 1980ರಿಂದ ಅದು ಕೊಕ್ಕೊ ಖರೀದಿಗೂ ಇಳಿಯಿತು. ಬರೀ ಬೀಜ ಕೊಂಡು ಮಾರಿದರೆ ಮತ್ತೆ ಹೊರಗಿನವರ ರೇಟೇ ಗತಿ ಎಂದು ಚಾಕಲೇಟು ಫ್ಯಾಕ್ಟರಿಯನ್ನೇ ಕಟ್ಟಿತು. 1986ರಲ್ಲಿ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಪುತ್ತೂರಿಗೆ ಬಂದು ಅದನ್ನು ಉದ್ಘಾಟಿಸಿದರು. ಅಡಿಕೆ ಬೆಳೆಗಾರರು ಚಾಕಲೇಟು ಮಾಡುತ್ತಾರೆಂದರೆ ಸಣ್ಣ ಮಾತೇ?

ಬೀಜದಿಂದ ಬಾರಿಗೆ

ಒಂದು ಕೊಕ್ಕೊ ಕಾಯಿಯಲ್ಲಿ ಸಾಧಾರಣ 30ರಿಂದ 40 ಬೀಜ. ಮೇಲೆ ಬಿಳಿ ತಿರುಳು, ಹುಳಿ-ಸಿಹಿ. ಮಕ್ಕಳು ಚೀಪುವುದು ಅದನ್ನೇ, ಅಳಿಲು ಕಾಯಿ ಕೊರೆಯುವುದೂ ಅದಕ್ಕೇ. ಬೀಜವನ್ನು ಹಾಗೆಯೇ ಕಚ್ಚಿದರೆ ಚಾಕಲೇಟಿನ ಸುಳಿವೂ ಇಲ್ಲ, ಬರೀ ಕಹಿ ಮತ್ತು ಒಗರು.

ರುಚಿ ಬರುವುದು ಹುಳಿ ಬರಿಸಿದ ಮೇಲೆ. ರಾಶಿ ಹಾಕಿ ಮುಚ್ಚಿ, ನಡುನಡುವೆ ಮಗುಚುತ್ತಾ ಐದಾರು ದಿನ ಇಡಬೇಕು. ಒಳಗೆ ಬಿಸಿ ಏರುತ್ತದೆ, ತಿರುಳು ಕರಗಿ ಸೋರುತ್ತದೆ. ಅನಂತರ ಒಣಗಿಸಬೇಕು. ಮೂರು ಕಿಲೋ ಹಸಿ ಬೀಜ ಒಣಗಿದರೆ ಸುಮಾರು ಒಂದು ಕಿಲೋ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಅದಕ್ಕೇ ಇಲ್ಲಿಯ ಹೆಚ್ಚಿನವರು ಹಸಿ ಬೀಜವನ್ನೇ ಖರೀದಿ ಕೇಂದ್ರಕ್ಕೆ ಹಾಕುತ್ತಾರೆ.

ಫ್ಯಾಕ್ಟರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಅರೆದರೆ ಮಂದ ಕಂದು ದ್ರವ. ಅದರಲ್ಲಿ ಅರ್ಧಕ್ಕರ್ಧ ಕೊಕ್ಕೊ ಬೆಣ್ಣೆ. ಬೆಣ್ಣೆ ಹಿಂಡಿ ತೆಗೆದ ಮೇಲೆ ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೊಕ್ಕೊ ಪುಡಿ. ದ್ರವಕ್ಕೆ ಇನ್ನಷ್ಟು ಬೆಣ್ಣೆ, ಸಕ್ಕರೆ ಸೇರಿದರೆ ಕಪ್ಪು ಚಾಕಲೇಟು. ಹಾಲಿನ ಪುಡಿಯೂ ಸೇರಿದರೆ ಹಾಲು ಚಾಕಲೇಟು. ಇಷ್ಟೇ ಗುಟ್ಟು.

ಹಾಗಾದರೆ ಕೊಳ್ಳುವವರು ನೋಡಬೇಕಾದದ್ದು ಏನು? ಕಾಗದದ ಮೇಲಿನ ಪರ್ಸೆಂಟು! 70 ಪರ್ಸೆಂಟ್ ಎಂದಿದ್ದರೆ ನೂರು ಗ್ರಾಮಿನಲ್ಲಿ 70 ಗ್ರಾಂ ಕೊಕ್ಕೊದಿಂದ ಬಂದದ್ದು, ಉಳಿದ 30 ಹೆಚ್ಚುಕಡಿಮೆ ಪೂರ್ತಿ ಸಕ್ಕರೆ. 50 ಗ್ರಾಮಿನ ಅಂಥದ್ದೊಂದನ್ನು ಮುಗಿಸಿದರೆ 15 ಗ್ರಾಂ ಸಕ್ಕರೆ, ಅಂದರೆ ಮೂರೂಮುಕ್ಕಾಲು ಚಮಚ. 50 ಪರ್ಸೆಂಟಿನದ್ದಾದರೆ ಆರು ಚಮಚ. ಪರ್ಸೆಂಟು ಬರೆಯದಿದ್ದರೆ ಹಿಂಬದಿ ಓದಿ. ಯಾವುದು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರೆಯಬೇಕೆಂದು ನಿಯಮ. ಮೊದಲ ಹೆಸರೇ ಸಕ್ಕರೆ ಆಗಿದ್ದರೆ ಅದು ಕಪ್ಪು ಬಣ್ಣದ ಮಿಠಾಯಿ ಎಂದು ತಿಳಿದುಕೊಳ್ಳಿ. 'ಕಾಂಪೌಂಡ್' ಎಂದಿದ್ದರೆ ಕೊಕ್ಕೊ ಬೆಣ್ಣೆಯ ಬದಲು ಬೇರೆ ವನಸ್ಪತಿ ಕೊಬ್ಬು ಹಾಕಿದ್ದಾರೆಂದು ಅರ್ಥ. ಬೇಕರಿಯ ಕೇಕಿನ ಮೇಲೆ ಅದು ಚೆಂದ. ಹಾರ್ಟಿನ ಹೆಸರಿನಲ್ಲಿ ಅದನ್ನು ತಿನ್ನುವುದು ಬೇಡ.

ಹಾರ್ಟಿಗೆ ಒಳ್ಳೆಯದಂತೆ – ಹೌದೇ?

ಹೌದು, ಆದರೆ ಜಾಹೀರಾತಿನಷ್ಟು ಅಲ್ಲ.

ಪನಾಮಾ ದೇಶದ ಸಾನ್ ಬ್ಲಾಸ್ ದ್ವೀಪಗಳಲ್ಲಿ ಕೂನಾ ಎಂಬ ಜನ ಇದ್ದಾರೆ. ದಿನಕ್ಕೆ ಹಲವು ಬಾರಿ ಕೊಕ್ಕೊ ಕುಡಿಯುವ ಈ ಜನರಲ್ಲಿ ರಕ್ತದೊತ್ತಡ ಅಪರೂಪ, ಪೇಟೆಗೆ ಬಂದು ನೆಲೆಸಿದ ಅದೇ ಕುಲದವರಲ್ಲಿ ಮಾತ್ರ ಒತ್ತಡ ಏರುತ್ತದೆ ಎಂಬುದು ಡಾಕ್ಟರರ ಕಣ್ಣಿಗೆ ಬಿತ್ತು. ಅಲ್ಲಿಂದ ಸಂಶೋಧನೆಗೆ ಜೋರು ಬಂತು. ಕೊಕ್ಕೊದ ಕಹಿ-ಒಗರಿನಲ್ಲಿ ಫ್ಲೇವನಾಲ್ ಎಂಬ ಅಂಶಗಳಿದ್ದು, ಅವು ರಕ್ತನಾಳ ಸಡಿಲಗೊಳ್ಳಲು ನೆರವಾಗುತ್ತವೆಂದು ಕಂಡುಬಂತು. ದಿನಕ್ಕೆ 200 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್ ಇದಕ್ಕೆ ಸಹಾಯಕ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿಕೊಂಡಿತು.

ಹಾಗೆಂದು ಬಿ.ಪಿ. ಮಾತ್ರೆ ಬಿಸಾಡಬೇಡಿ! ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಒಂದು ಪರಾಮರ್ಶೆಯಲ್ಲಿ ಸಿಕ್ಕಿದ ಇಳಿಕೆ ಎರಡು ಪಾಯಿಂಟಿಗೂ ಕಡಿಮೆ. ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರಿಗೆ ಕೆಲವು ವರ್ಷ ಕೊಕ್ಕೊ ಸತ್ತ್ವದ ಗುಳಿಗೆ ಅಥವಾ ಅದರಂತೆಯೇ ಕಾಣುವ ಖಾಲಿ ಗುಳಿಗೆ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಹೃದಯ ಸಂಬಂಧಿ ಸಾವು ಸತ್ತ್ವ ತಿಂದವರಲ್ಲಿ ಕಡಿಮೆ ಇತ್ತು. ಆದರೆ ಹೃದಯಾಘಾತ, ಲಕ್ವ ಮೊದಲಾದ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಅದೂ ಗುಳಿಗೆ, ಚಾಕಲೇಟು ಅಲ್ಲ ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ಕಹಿ ತಗ್ಗಿಸಲಿಕ್ಕೆ ಕೊಕ್ಕೊಗೆ ಕ್ಷಾರ ಹಾಕುವ ಕ್ರಮ ಉಂಟು. ಬಣ್ಣ ಗಾಢವಾಗುತ್ತದೆ, ರುಚಿ ಮೃದುವಾಗುತ್ತದೆ, ಫ್ಲೇವನಾಲ್ ಮಾತ್ರ ಬಹಳಷ್ಟು ಹೋಗುತ್ತದೆ. ಅಂದರೆ ಕಪ್ಪು ಇದ್ದದ್ದೆಲ್ಲ ಗುಣದ್ದಲ್ಲ.

ಮೆಗ್ನೀಶಿಯಂ, ಕಬ್ಬಿಣ, ನಾರು ಕಪ್ಪು ಚಾಕಲೇಟಿನಲ್ಲಿ ಸಾಕಷ್ಟು ಉಂಟು. ಜೊತೆಗೆ ನೂರು ಗ್ರಾಮಿಗೆ ಸುಮಾರು 600 ಕ್ಯಾಲೊರಿಯೂ ಉಂಟು. ಆದ್ದರಿಂದ ಊಟದ ಮೇಲೆ ಒಂದೆರಡು ತುಂಡು, ಹತ್ತಿಪ್ಪತ್ತು ಗ್ರಾಂ, ಸಾಕು. ಸಕ್ಕರೆ ಕಾಯಿಲೆಯವರು ಆ ತುಂಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾತ್ರಿ ನಿದ್ದೆ ಬಾರದವರು ಹಗಲೇ ತಿನ್ನಲಿ, ಕಾಫಿಯ ಕೆಫೀನ್ ಇದರಲ್ಲೂ ಸ್ವಲ್ಪ ಉಂಟು. ಎದೆಯುರಿ ಇರುವವರು, ಮೂತ್ರಕೋಶದ ಕಲ್ಲಿನ ತೊಂದರೆ ಆದವರು ಡಾಕ್ಟರರ ಹತ್ತಿರ ಕೇಳಿ ತಿನ್ನುವುದು ಒಳ್ಳೆಯದು. ಅಮೆರಿಕದ ಬಳಕೆದಾರರ ಸಂಸ್ಥೆಯೊಂದು 2022ರಲ್ಲಿ 28 ಬಗೆಯ ಕಪ್ಪು ಚಾಕಲೇಟು ಪರೀಕ್ಷಿಸಿದಾಗ ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಅಂಶ ಸಿಕ್ಕಿತ್ತು. ಮಿತಿ ಬೇಕೆನ್ನಲು ಇದೂ ಒಂದು ಕಾರಣ. ಮನೆಯ ನಾಯಿಗೆ ಮಾತ್ರ ಒಂದು ತುಂಡೂ ಹಾಕಬೇಡಿ. ಅದಕ್ಕೆ ಇದು ವಿಷ.

ಅಡುಗೆಮನೆಯಲ್ಲಿ

ಕಪ್ಪು ಚಾಕಲೇಟು ಕೇಕಿಗೆ ಮಾತ್ರ ಎಂದು ತಿಳಿಯಬೇಕಿಲ್ಲ. ಬಿಸಿ ಹಾಲಿಗೆ ಎರಡು ತುಂಡು, ಸ್ವಲ್ಪ ಬೆಲ್ಲ, ಒಂದು ಚಿಟಿಕೆ ಏಲಕ್ಕಿ ಹಾಕಿ ಕಡೆದರೆ ಮಳೆಗಾಲದ ಸಂಜೆಗೆ ಹೇಳಿ ಮಾಡಿಸಿದ ಪಾನೀಯ. ಹಾಲು ಕುದಿಸಿ ಇಳಿಸಿದ ಮೇಲೆ ಬೆಲ್ಲ ಹಾಕಿ, ಇಲ್ಲವಾದರೆ ಒಡೆದೀತು. ಕದಳಿ ಬಾಳೆಹಣ್ಣನ್ನು ತುಪ್ಪದಲ್ಲಿ ಬಾಡಿಸಿ, ಮೇಲೆ ಚಾಕಲೇಟು ತುರಿದು ಹಾಕಿದರೆ ಮಕ್ಕಳು ತಟ್ಟೆ ನೆಕ್ಕುತ್ತಾರೆ. ಗೇರುಬೀಜ, ಕೊಬ್ಬರಿ, ಕಿತ್ತಳೆ ಸಿಪ್ಪೆ, ಕಾಳುಮೆಣಸು – ಎಲ್ಲವೂ ಇದಕ್ಕೆ ಹೊಂದುತ್ತವೆ. ಒಂದು ಹರಳು ಉಪ್ಪು ಹಾಕಿ ನೋಡಿ, ಕಹಿ ತಗ್ಗಿ ಪರಿಮಳ ಏಳುತ್ತದೆ. ಮೆಕ್ಸಿಕೋದಲ್ಲಿ ಒಣಮೆಣಸಿನ ಮಸಾಲೆಗೆ ಕಪ್ಪು ಚಾಕಲೇಟು ಸೇರಿಸಿ 'ಮೋಲೆ' ಎಂಬ ಗಸಿ ಮಾಡಿ ಕೋಳಿಯ ಜೊತೆ ಉಣ್ಣುತ್ತಾರೆ. ಕೋಳಿ ಸುಕ್ಕ ತಿನ್ನುವ ಊರಿಗೆ ಅದೇನೂ ವಿಚಿತ್ರವೆನಿಸಲಾರದು.

ಕರಗಿಸುವಾಗ ಜಾಗ್ರತೆ. ನೇರ ಒಲೆಯ ಮೇಲೆ ಇಟ್ಟರೆ ಸೀದು ಹೋಗುತ್ತದೆ. ಕೆಳಗೆ ಬಿಸಿನೀರಿನ ಪಾತ್ರೆ, ಮೇಲೆ ಒಣ ಬಟ್ಟಲು. ಒಂದೆರಡು ಹನಿ ನೀರು ಬಿದ್ದರೂ ಚಾಕಲೇಟು ಗಂಟುಗಂಟಾಗಿ ಹಿಟ್ಟಿನಂತಾಗುತ್ತದೆ. ಸಮತೂಕದ ಬಿಸಿ ಕೆನೆ ಹಾಕಿ ಕದಡಿದರೆ ಕೇಕಿಗೆ ಸವರುವ ಹೊಳಪಿನ ಲೇಪ ಸಿದ್ಧ.

ಅಂಗಡಿಯವರಿಗೆ ನಾಲ್ಕು ಮಾತು

"ಬೂಸು ಹಿಡಿದಿದೆ" ಎಂದು ಗಿರಾಕಿ ಚಾಕಲೇಟು ವಾಪಸು ತಂದರೆ ಗಾಬರಿ ಬೇಡ. ಮೇಲಿನ ಬಿಳಿ ಪುಡಿ ಹೆಚ್ಚಾಗಿ ಬೂಸು ಅಲ್ಲ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ, ಕರಾವಳಿಯ ಏಪ್ರಿಲ್ ಬಿಸಿಲಿಗೆ ಅಷ್ಟು ಸಾಕು. ಮಧ್ಯಾಹ್ನ ಕರಗಿ ರಾತ್ರಿ ಗಟ್ಟಿಯಾದಾಗ ಬೆಣ್ಣೆ ಮೇಲೆ ಬಂದು ಬಿಳಿಯಾಗಿ ಕಾಣುತ್ತದೆ. ತಿಂದರೆ ಕೆಡುಕಿಲ್ಲ, ರುಚಿ ಸ್ವಲ್ಪ ಕಡಿಮೆ. ಹಾಗೆಂದು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಡಬೇಡಿ. ಫ್ರಿಜ್ಜಿನಲ್ಲಿ ಇಡುವುದಾದರೆ ಗಾಳಿ ಹೋಗದ ಡಬ್ಬಿ ಬೇಕು. ಸಾಬೂನು, ಊದುಬತ್ತಿ, ಒಣಮೀನಿನ ಹತ್ತಿರವಂತೂ ಬೇಡವೇ ಬೇಡ, ಚಾಕಲೇಟಿನ ಕೊಬ್ಬು ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಚಾಕಲೇಟಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 18ರಿಂದ 5 ಪರ್ಸೆಂಟಿಗೆ ಇಳಿದದ್ದೂ ನೆನಪಿರಲಿ.

ರೇಟಿನ ಉಯ್ಯಾಲೆ

ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿ ರೋಗ, ಅಕಾಲ ಮಳೆ, ಬರ ಒಟ್ಟಿಗೆ ಬಡಿದು 2024ರಲ್ಲಿ ಬೆಳೆ ಕೈಕೊಟ್ಟಿತು. ಲೋಕದ ಮಾರುಕಟ್ಟೆಯಲ್ಲಿ ಟನ್ನಿಗೆ 12 ಸಾವಿರ ಡಾಲರ್ ದಾಟಿತು. ಇಲ್ಲಿಯ ಬೆಳೆಗಾರರೂ ಹಿಂದೆಂದೂ ಕಾಣದ ರೇಟು ಕಂಡರು. ಕಡಿದವರು ಕೈ ಕೈ ಹಿಸುಕಿಕೊಂಡರು, ಕೆಲವರು ಮತ್ತೆ ಗಿಡಕ್ಕೆ ಓಡಾಡಿದರು. 2025ರಲ್ಲಿ ರೇಟು ಮತ್ತೆ ಜಾರಿತು. 1980ನ್ನು ಕಂಡವರಿಗೆ ಇದೇನೂ ಹೊಸತಲ್ಲ.

ಆಗಿಗೂ ಈಗಿಗೂ ವ್ಯತ್ಯಾಸ ಒಂದೇ. ಆಗ ಊರಿನಲ್ಲಿ ಬೀಜ ಇತ್ತು, ಚಾಕಲೇಟು ಇರಲಿಲ್ಲ. ಈಗ ಎರಡೂ ಉಂಟು. ಸಕ್ಕರೆ ತುಂಬಿದ ಬಾರು ಎಷ್ಟು ಖರ್ಚಾದರೂ ಕೊಕ್ಕೊ ಬೇಕಾಗುವುದು ಅಷ್ಟಕ್ಕಷ್ಟೇ. ಅದೇ ತೂಕದ 70 ಪರ್ಸೆಂಟಿನದ್ದು ಖರ್ಚಾದರೆ ಬೀಜ ಎಷ್ಟೋ ಪಾಲು ಹೆಚ್ಚು ಬೇಕು. ತಿನ್ನುವವರ ಮೈಗೆ ಯಾವುದು ಒಳ್ಳೆಯದೋ, ಬೆಳೆಯುವವರ ಕಿಸೆಗೂ ಅದೇ ಒಳ್ಳೆಯದು. ಇಂಥ ಹೊಂದಾಣಿಕೆ ಪೇಟೆಯಲ್ಲಿ ದಿನಾ ಸಿಗುವುದಿಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ "ಕಪ್ಪು ಚಾಕಲೇಟು ಕೊಡಿ" ಎಂದಷ್ಟೇ ಹೇಳಬೇಡಿ. "ಎಷ್ಟು ಪರ್ಸೆಂಟಿನದ್ದು ಉಂಟು?" ಎಂದು ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವರೂ ತರಿಸುತ್ತಾರೆ.