ಹತ್ತು ಪರ್ಸೆಂಟ್ ಎತ್ತರ, ಅರವತ್ತೊಂದು ಪರ್ಸೆಂಟ್ ಕಷ್ಟ

ಪ್ರೊಡುನೋವಾ ಅಂದ್ರೆ ಓಡಿ ಬಂದು, ವಾಲ್ಟ್ ಮೇಲೆ ಕೈಯೂರಿ ಚಿಮ್ಮಿ, ಗಾಳಿಯಲ್ಲಿ ಮುಂದಕ್ಕೆ ಎರಡು ಪಲ್ಟಿ ಹೊಡೆದು ಕಾಲ ಮೇಲೆ ಇಳಿಯೋದು. 2016ರ ರಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ ಇದನ್ನು ಮಾಡಿದರು. ಒಟ್ಟು 15.066 ಅಂಕ. ಬರೀ 0.15ರಲ್ಲಿ ಕಂಚು ಕೈತಪ್ಪಿತು. ಆ ವಿಡಿಯೋ ನಾವೆಲ್ಲ ನೋಡಿರ್ತೀವಿ. ಅದರಲ್ಲಿ ಕಾಣದ ವಿಷಯ ಒಂದಿದೆ: ದೀಪಾ ಜಿಮ್ನಾಸ್ಟಿಕ್ಸ್‌ಗೆ ಸೇರಿದ್ದು ಆರನೇ ವಯಸ್ಸಿಗೆ, ಪ್ರೊಡುನೋವಾ ಮಾಡಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದಿದ್ದು 2014ರಲ್ಲಿ, ಇಪ್ಪತ್ತು ದಾಟಿದ ಮೇಲೆ. ಈ ನಡುವೆ ಅವರ ದೇಹ ಬೆಳೆದಿತ್ತು. ಹುಡುಗಿಯರ ಜಿಮ್ನಾಸ್ಟಿಕ್ಸ್‌ನಲ್ಲಿ ನಿಜವಾದ ಕಷ್ಟ ಇರೋದು ಆ ಬೆಳೆಯೋ ವರ್ಷಗಳಲ್ಲೇ.

ಮೆಕ್ಯಾನಿಕ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ಒಂದು ಸಣ್ಣ ಲೆಕ್ಕ. ಹುಡುಗಿ ಹತ್ತು ಪರ್ಸೆಂಟ್ ಎತ್ತರ ಆದಳು, ಅಗಲ ದಪ್ಪವೂ ಅದೇ ಪ್ರಮಾಣದಲ್ಲಿ ಹೆಚ್ಚಿತು ಅಂದುಕೊಳ್ಳೋಣ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ 21 ಪರ್ಸೆಂಟ್ ಏರುತ್ತೆ. ತೂಕ 33 ಪರ್ಸೆಂಟ್ ಏರುತ್ತೆ. ಮೊಮೆಂಟ್ ಆಫ್ ಇನರ್ಷಿಯಾ ಮಾತ್ರ 61 ಪರ್ಸೆಂಟ್! ನಿಜವಾದ ದೇಹ ಇಷ್ಟು ಅಚ್ಚುಕಟ್ಟಾಗಿ ಬೆಳೆಯಲ್ಲ, ಆದರೂ ದಿಕ್ಕು ಇದೇ. ಕಳೆದ ವರ್ಷ ಲೀಲಾಜಾಲವಾಗಿ ಹೊಡೀತಿದ್ದ ಪಲ್ಟಿ ಈ ವರ್ಷ ಅರ್ಧಕ್ಕೇ ನಿಲ್ಲೋದು ಸೋಮಾರಿತನದಿಂದಲ್ಲ.

ಅದಕ್ಕೇ ಕಂಡೀಷನಿಂಗ್. ಹ್ಯಾಂಡ್‌ಸ್ಟ್ಯಾಂಡ್, ಹಗ್ಗ ಹತ್ತೋದು, ಬಾರಿಗೆ ನೇತಾಡ್ತಾ ಕಾಲೆತ್ತೋದು, ಬೆನ್ನ ಮೇಲೆ ಮಲಗಿ ಕೈಕಾಲು ಎತ್ತಿ ದೋಣಿಯ ಹಾಗೆ ಬಿಗಿಹಿಡಿಯೋದು. ನೋಡೋಕೆ ಬೋರು. ಆದರೆ ಸೊಂಟ ಬಿಗಿಯಾಗಿ ನಿಲ್ಲದಿದ್ದರೆ ವಾಲ್ಟ್ ಒದೆಯುವ ಬಲ ದೇಹದೊಳಗೇ ಸೋರಿಹೋಗುತ್ತೆ. ಇಳಿಯೋದನ್ನಂತೂ ಬೇರೆಯಾಗೇ ಕಲೀಬೇಕು: ಮೊದಲು ತಗ್ಗಿನ ಪೆಟ್ಟಿಗೆಯಿಂದ ಜಿಗಿತ, ಮಂಡಿ ಒಳಕ್ಕೆ ವಾಲದ ಹಾಗೆ. ಹೊಸ ಪಲ್ಟಿ ಮೊದಲು ಫೋಮ್ ಪಿಟ್‌ಗೆ, ಆಮೇಲೆ ಮೆತ್ತನೆ ಹಾಸಿಗೆಗೆ, ಕೊನೆಗೆ ಗಟ್ಟಿ ಮ್ಯಾಟ್‌ಗೆ. ದೀಪಾ ಅವರದ್ದು ಚಪ್ಪಟೆ ಪಾದ, ಈ ಆಟಕ್ಕೆ ದೊಡ್ಡ ತೊಡಕು. ಕೋಚ್ ಬಿಶ್ವೇಶ್ವರ್ ನಂದಿ ಅದನ್ನು ಸರಿಮಾಡೋಕೇ ವರ್ಷಗಟ್ಟಲೆ ದುಡಿದರು.

ಹನ್ನೊಂದರಿಂದ ಹದಿಮೂರರ ಆಸುಪಾಸು ಎತ್ತರ ಸರಸರ ಏರೋ ಕಾಲ. ಆಗ ಮೂಳೆಯ ತುದಿಯ ಗ್ರೋತ್ ಪ್ಲೇಟ್ ಇನ್ನೂ ಮೃದು. ಜಿಮ್ನಾಸ್ಟ್‌ಗೆ ಕೈಯೂ ಕಾಲೇ ಆದ್ದರಿಂದ ಮಣಿಕಟ್ಟಿನ ಹತ್ತಿರದ ಪ್ಲೇಟಿಗೆ ಪೆಟ್ಟು ಜಾಸ್ತಿ. ಮಗು ಕೈನೋವು ಅಂದಾಗ "ಸಹಿಸ್ಕೋ" ಅನ್ನೋದು ತಪ್ಪು. ಆ ತಿಂಗಳುಗಳಲ್ಲಿ ಜಿಗಿತ, ಇಳಿತಗಳ ಎಣಿಕೆ ಇಳಿಸಿ, ಬಲ ಉಳಿಸಿಕೊಂಡು, ಗೊತ್ತಿರೋ ಕೌಶಲವನ್ನೇ ಹೊಸ ಅಳತೆಯ ದೇಹಕ್ಕೆ ಮತ್ತೆ ಕಲಿಸಬೇಕು.

ಇನ್ನೊಂದು ಕೆಟ್ಟ ಶಾರ್ಟ್‌ಕಟ್ ಇದೆ: ಊಟ ಕಡಿಮೆ ಮಾಡಿಸಿ ಹುಡುಗಿಯನ್ನು ಚಿಕ್ಕವಳಾಗೇ ಇಡೋದು. ಸಾಕಷ್ಟು ತಿನ್ನದೆ ದುಡಿದರೆ ಮುಟ್ಟು ನಿಲ್ಲುತ್ತೆ, ಈಸ್ಟ್ರೋಜೆನ್ ಇಳಿದು ಮೂಳೆ ಸೊರಗುತ್ತೆ. ಮೂಳೆಗೆ ಬಂಡವಾಳ ಸೇರೋ ವಯಸ್ಸೂ ಅದೇ. ಮುಟ್ಟಿನ ಬಗ್ಗೆ ಕೋಚ್ ಹತ್ರ ಮಾತಾಡೋಕೆ ನಮ್ಮಲ್ಲಿ ಎಷ್ಟು ಹುಡುಗಿಯರಿಗೆ ಧೈರ್ಯ ಇದೆ?

1976ರಲ್ಲಿ ನಾದಿಯಾ ಕೊಮಾನೆಚಿ ಪೂರ್ತಿ ಹತ್ತು ಅಂಕ ಪಡೆದಾಗ 14 ವರ್ಷ. ಈಗ ಒಲಿಂಪಿಕ್ಸ್‌ಗೆ ಆ ವರ್ಷವೇ 16 ತುಂಬಬೇಕು. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಟೋಕಿಯೋದಲ್ಲಿ ವಾಲ್ಟ್ ಹಾರಿದ್ದು 46ಕ್ಕೆ. ಮಂಡಿ ಆಪರೇಷನ್ ಆದ ದೀಪಾ ಏಷ್ಯನ್ ಚಾಂಪಿಯನ್‌ಷಿಪ್ ವಾಲ್ಟ್ ಚಿನ್ನ ಗೆದ್ದಿದ್ದು 2024ರಲ್ಲಿ, ಮೂವತ್ತರ ವಯಸ್ಸಲ್ಲಿ.