ಹನಿಗೊಂದು ಬೆಳ್ಳಿಕಣ

ಪ್ರಶ್ನೆ: ದ್ರಾವಣವನ್ನು ಸಿಂಪಡಿಸಿ, ಕಾಯಿಸಿ ನುಣುಪಾದ ಬೆಳ್ಳಿಪುಡಿ ಮಾಡುತ್ತಾರಂತೆ. ಬೀಕರಿನಲ್ಲೇ ಆಗುವ ಕೆಲಸಕ್ಕೆ ಕುಲುಮೆ ಏಕೆ?

ಉತ್ತರ: ಕಣದ ಗಾತ್ರ, ಆಕಾರಗಳ ಮೇಲೆ ಹಿಡಿತ ಸಿಗಲೆಂದು. ಸಿಲ್ವರ್ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ, ಶ್ರವಣಾತೀತ ಕಂಪನದಿಂದ ಮಂಜಾಗಿಸಿ, ಬಿಸಿ ಕೊಳವೆಯೊಳಗೆ ಹಾಯಿಸುತ್ತಾರೆ. ನೀರು ಆವಿಯಾಗುತ್ತದೆ, ಉಳಿದ ಲವಣ 212 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಸುಮಾರು 440ರ ಹೊತ್ತಿಗೆ ಒಡೆದು ಬೆಳ್ಳಿಯಾಗುತ್ತದೆ. ಹನಿಗಳು ಒಂದಕ್ಕೊಂದು ಕೂಡಿಕೊಳ್ಳದಿದ್ದರೆ, ಒಂದು ಹನಿಗೆ ಒಂದೇ ಕಣ. ಲೀಟರಿಗೆ ಒಂದು ಮೋಲ್ ಲವಣವಿದ್ದರೆ ಅದರಲ್ಲಿರುವುದು 108 ಗ್ರಾಂ ಬೆಳ್ಳಿ, ಅಂದರೆ ದ್ರಾವಣದ ಘನಗಾತ್ರದ ಸುಮಾರು ನೂರನೇ ಒಂದು ಪಾಲು. ಹಾಗಾಗಿ 5 ಮೈಕ್ರಾನ್ ಹನಿಯಿಂದ ಸುಮಾರು 1 ಮೈಕ್ರಾನ್ ಕಣ. ಅದರ ವ್ಯಾಸವನ್ನು ಹತ್ತನೇ ಒಂದಕ್ಕೆ ಇಳಿಸಲು ದ್ರಾವಣವನ್ನು ಸಾವಿರ ಪಟ್ಟು ತೆಳುಮಾಡಬೇಕು! ನ್ಯಾನೋ ಗಾತ್ರಕ್ಕೆ ಈ ದಾರಿ ದುಬಾರಿಯೆಂಬುದನ್ನು ಒಪ್ಪಲೇಬೇಕು.

ಹನಿ ಹೊರಗಿನಿಂದ ಒಣಗುವಾಗ ಕಣ ಟೊಳ್ಳಾಗದೇ ಎಂಬ ಆಕ್ಷೇಪವೂ ಸರಿಯೇ. ಅನೇಕ ವಸ್ತುಗಳಲ್ಲಿ ಆಗುತ್ತದೆ. ಇಲ್ಲಿ ಲವಣ ಒಡೆಯುವ ಮೊದಲೇ ಕರಗುವುದು ಅನುಕೂಲ. ಬೆಳ್ಳಿಯ ಕರಗುಬಿಂದು 962 ಡಿಗ್ರಿಯಾದರೂ ಅದಕ್ಕಿಂತ ಕೆಳಗೇ, ಸಾಕಷ್ಟು ಹೊತ್ತು ಕಾಯಿಸಿದರೆ, ರಂಧ್ರಗಳು ಮುಚ್ಚಿ ಗಟ್ಟಿ ಗೋಳವಾಗುತ್ತದೆ. ಬೆಳ್ಳಿಯ ಆಕ್ಸೈಡ್ ಬಿಸಿಗೆ ತಾನೇ ಒಡೆಯುವುದರಿಂದ ಹೈಡ್ರೋಜನ್ ಬೇಡ, ಗಾಳಿಯೇ ಸಾಕು. ಬೀಕರಿನ ವಿಧಾನ ಅಗ್ಗ, ಕಾರ್ಖಾನೆಗಳಲ್ಲಿ ಬಳಕೆಯಲ್ಲೂ ಇದೆ. ಆದರೆ ಅಲ್ಲಿ ಅಪಕರ್ಷಕ, ಕಣಗಳು ಅಂಟದಂತೆ ಸೇರಿಸುವ ರಾಸಾಯನಿಕ, ಆಮೇಲೆ ತೊಳೆತ ಎಲ್ಲವೂ ಬೇಕು. ವಿದ್ಯುನ್ಮಾನ ಬಿಡಿಭಾಗಗಳ ಲೇಪಕ್ಕೆ ಶುದ್ಧ, ದುಂಡು ಕಣ ಬೇಕೆಂದಾಗ ಕುಲುಮೆಯೇ ಮೇಲು. ಹೊಮ್ಮುವ ಕಂದು ನೈಟ್ರೋಜನ್ ಡೈಆಕ್ಸೈಡ್ ವಿಷಾನಿಲವನ್ನು ಹೀರಿಸುವ ಖರ್ಚು ಮಾತ್ರ ತಪ್ಪದು.